ಸುಣ್ಣದಡಿಯ ಕೈ

ರಾಜಾಜಿನಗರ
6-10-1957

ಮೇಷ್ಟ್ರೇ, ನಮಸ್ಕಾರ.

ಪಾದಗಳಿಗೆ ಅಡ್ಡಬಿದ್ದೆ ಎಂದು ಬರೆಯುವಷ್ಟು ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇಷ್ಟು. ನಿಮಗೆ ತುಮಕೂರಿಗೆ ವರ್ಗವಾದ ಮೇಲೆ ಖಾಲಿ ಬಿದ್ದಿದ್ದ ನಿಮ್ಮ ಇಂಗ್ಲಿಷ್ ತರಗತಿಯನ್ನು ನನಗೇ ಕೊಟ್ಟಿದ್ದಾರೆ. ಬಿನ್ನಿಪೇಟೆಯ ಅಣ್ಣನ ಮನೆಯಲ್ಲಿ ಎಷ್ಟು ದಿನ ಅಂತ ಕೂತು ಉಣ್ಣುವುದು, ಒಪ್ಪಿಕೊಂಡೆ.

ಮೇಷ್ಟ್ರು ಎಲ್ಲಿಗೆ ನಿಲ್ಲಿಸಿದ್ದರು ಎಂದು ಮಕ್ಕಳನ್ನು ಕೇಳಿದೆ. ಇಡೀ ತರಗತಿ ಎದ್ದು ನಿಂತು ರಾಗವಾಗಿ ಒಪ್ಪಿಸತೊಡಗಿತು. ಪದ, ಅರ್ಥ, ವಾಕ್ಯ. ನೀವು ನಿಲ್ಲಿಸುವ ಕಡೆಯೇ ನಿಲ್ಲಿಸಿ, ನೀವು ಎಳೆಯುವ ಕಡೆಯೇ ಎಳೆದು.

ರಿನೊವೇಟ್ ಎಂದರೆ ಹಳೆಯದನ್ನು ಹೊಸದು ಮಾಡು. ವಾಕ್ಯ: ನಾನು ಮನೆಗೆ ಸುಣ್ಣ ಹೊಡೆಸಿ ಹೊಸದು ಮಾಡಿದೆ, ನನ್ನ ಹೆಂಡತಿ ಬಿಟ್ಟುಹೋದಳು. ರಿಸ್ಟೋರ್ ಎಂದರೆ ಮೊದಲಿದ್ದಂತೆಯೇ ಮಾಡು. ಉಗುರಿನಿಂದ ಸುಣ್ಣ ಕೆರೆದೆ, ಪುಟ್ಟ ಕೈಯನ್ನು ಮೊದಲಿನಂತೆ ಮಾಡಲಾಗಲಿಲ್ಲ. ರಿವೈವ್ ಬಂದಾಗ ಮಕ್ಕಳೆಲ್ಲ ಒಟ್ಟಿಗೆ ಒಮ್ಮೆ ಕೆಮ್ಮಿದರು. ಗಂಟಲು ಕಟ್ಟಿದಾಗ ನೀವು ಕೆಮ್ಮುತ್ತೀರಲ್ಲ, ಅದೇ ಕೆಮ್ಮು! ಅದೂ ಪಾಠವೇ ಅಂದುಕೊಂಡಿವೆ, ಪಾಪ. ಆಮೇಲೆ, ಡಾಕ್ಟರಿಗೆ ಮಗುವಿನ ಜೀವ ಮರಳಿಸಲಾಗಲಿಲ್ಲ ಎಂದು ಹೇಳಿ ಮುಗಿಸಿದವು.

ನಮ್ಮ ಮಗು ಸೇತು ತೀರಿಕೊಂಡ ಒಂದೇ ತಿಂಗಳಿಗೆ, ಎಣ್ಣೆ ಹಚ್ಚಿಸಿಕೊಂಡು ಅವನು ಗೋಡೆಗೆ ಒತ್ತಿದ್ದ ಕೈಗುರುತಿನ ಮೇಲೆ ನೀವು ಸುಣ್ಣ ಹೊಡೆಸಿದಿರಿ. ಕೂಸನ್ನು ಎರಡನೇ ಸಲ ಮಣ್ಣು ಮಾಡಿದಿರಿ ಎಂದುಕೊಂಡೇ ನಾನು ಮನೆ ಬಿಟ್ಟದ್ದು. ಕಟ್ಟಿಕೊಂಡವಳಿಗೆ ಹೇಳದ್ದನ್ನು ಒಂದು ತರಗತಿಗೇ ಬಾಯಿಪಾಠ ಮಾಡಿಸಿದ್ದೀರಲ್ಲ, ಎಂಥ ಮನುಷ್ಯರು ನೀವು! ಮಕ್ಕಳು ಆಟದ ಬಯಲಲ್ಲೂ ಅದನ್ನೇ ಹಾಡಿಕೊಂಡು ಓಡಾಡುತ್ತವೆ. ರಸ್ತೆಯಲ್ಲಿ ಯಾರು ಕೆಮ್ಮಿದರೂ ನಾನು ತಿರುಗಿ ನೋಡುವಂತಾಗಿದೆ.

ಕೊನೆಯ ಪದ ರಿನ್ಯೂ. ನಿಂತುಹೋದದ್ದನ್ನು ಮತ್ತೆ ಶುರುಮಾಡು ಎಂದು ಅರ್ಥ ಹೇಳಿ ಎಲ್ಲರೂ ಸುಮ್ಮನಾದರು. ವಾಕ್ಯ ಎಲ್ಲಿ ಎಂದರೆ, "ಇದಕ್ಕೆ ಮೇಷ್ಟ್ರು ಹೇಳ್ಕೊಡ್ಲಿಲ್ಲ ಟೀಚರ್, ನಾಳೆ ಅಂದ್ರು, ಆಮೇಲೆ ಬರ್ಲೇ ಇಲ್ಲ" ಅಂದವು. ನಾನೂ ನಾಳೆ ಎಂದೇ ಹೇಳಿ ಬಂದಿದ್ದೇನೆ. ನನ್ನೊಬ್ಬಳಿಂದ ಆ ವಾಕ್ಯ ಆಗುವುದಿಲ್ಲ.

ಇತಿ,
ನಿಮ್ಮ ಮೇಲೆ ಸಿಟ್ಟಿರುವ, ನಿಮ್ಮ
ಅಂಬುಜಾ

ತಾ.ಕ.: ಉತ್ತರವನ್ನು ಅಣ್ಣನ ಮನೆಗೆ ಬರೆಯಬೇಡಿ. ನೀವು ಬೀಗ ಹಾಕಿ ಹೋದ ನಮ್ಮ ಮನೆಯ ಕೀಯನ್ನು ಪಕ್ಕದ ಮನೆಯ ಪಾಪಮ್ಮನವರಿಂದ ಇಸಕೊಂಡು ಇಲ್ಲೇ ಬಂದಿದ್ದೇನೆ, ಆ ಗೋಡೆಯ ಮುಂದೆಯೇ ಕೂತು ಬರೆಯುತ್ತಿದ್ದೇನೆ. ನೀವು ಕೆರೆದದ್ದೇ ದಂಡ. ಎಣ್ಣೆ ತಾನಾಗಿಯೇ ಸುಣ್ಣದ ಮೇಲಕ್ಕೆ ಹಾಯ್ದು ಬಂದಿದೆ, ಐದು ಬೆರಳೂ ಕಾಣುತ್ತಿವೆ. ದೀಪಾವಳಿಗೆ ಸುಣ್ಣ ಹೊಡೆಯಲು ಬಂದವರನ್ನು ಬಾಗಿಲಿಂದಲೇ ಕಳಿಸಿದೆ. ಒಬ್ಬಳೇ ನೋಡಲು ಭಯವಾಗುತ್ತದೆ, ಬನ್ನಿ.