ತಟ್ಟೆ ತೊಳೆದು ಕುಡಿದವರು

ಅಪ್ಪಾ,

ಇದನ್ನು ಕಳಿಸಲು ನಿನ್ನ ವಿಳಾಸವೇ ಇಲ್ಲ.

ಸಮಾಜಸೇವೆ ಮಾಡದಿದ್ದರೆ ಹನ್ನೆರಡನೇ ತರಗತಿಯ ಸರ್ಟಿಫಿಕೇಟ್ ಕೊಡುವುದಿಲ್ಲ ಎನ್ನುವುದು ನಮ್ಮ ಶಾಲೆಯ ನಿಯಮ. ಗಿಡ ನೆಡುವ ಗುಂಪಿಗೆ ಸೇರಿಸಿ ಎಂದು ಬೇಡಿಕೊಂಡೆ. ನನ್ನನ್ನು ತಲಘಟ್ಟಪುರದ ಆಶ್ರಮಕ್ಕೆ ಹಾಕಿದರು. ಬೀದಿಯಲ್ಲಿ ಸಿಕ್ಕವರನ್ನು ಕರೆತಂದು ನೋಡಿಕೊಳ್ಳುವ ಜಾಗ ಅದು. ನೀನು ಮನೆ ಬಿಟ್ಟು ಹೋದಮೇಲೆ ಅಂಥ ಜಾಗದ ಹೆಸರು ಕೇಳಿದರೂ ನಾನು ಮಾತು ಬದಲಿಸಿಬಿಡುತ್ತೇನೆ.

ಇವತ್ತು ಮಧ್ಯಾಹ್ನ ಸಾರು ಬಡಿಸುತ್ತಾ ಒಬ್ಬೊಬ್ಬರ ಮುಖವನ್ನೂ ಹೆದರುತ್ತಲೇ ನೋಡಿದೆ. ಕೊನೆಯಲ್ಲಿ ಒಬ್ಬರು ತಲೆಮೇಲೆ ಟವೆಲ್ ಹೊದ್ದು, ಗೋಡೆಗೆ ಮುಖಮಾಡಿ ಕೂತಿದ್ದರು. ಉಂಡಾದಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಬಳಿದು ತೊಳೆದು, ಆ ನೀರನ್ನು ಕುಡಿದರು. ಉಣ್ಣುವುದೆಲ್ಲ ಪ್ರಸಾದ, ಅದರ ಒಂದಗುಳೂ ಚೆಲ್ಲಬಾರದೆಂದು ನೀನು ಮಾಡುತ್ತಿದ್ದ ಹಾಗೆಯೇ. ನನ್ನ ಗೆಳತಿಯರು ಮನೆಗೆ ಬಂದಾಗ ಮಾತ್ರ ನೀನು ತಟ್ಟೆಯನ್ನು ಹಾಗೇ ಸಿಂಕಿಗೆ ಒಯ್ಯುತ್ತಿದ್ದೆ.

ನನ್ನ ಕೈಯಿಂದ ಸೌಟು ಜಾರಿ ಬಿತ್ತು.

"ಯಾಕಮ್ಮ ಹೆದರ್ಕೊಂಡೆ? ಅವ್ರು ಮಾತಾಡಲ್ಲ, ಹೆಸ್ರೂ ಹೇಳಲ್ಲ. ಪಾಪ, ಯಾರಿಗೂ ಏನೂ ಮಾಡಲ್ಲ. ಹೋಗಿ ಬಾಳೆಹಣ್ಣು ಕೊಡು," ಎಂದರು ಆಶ್ರಮದ ಸುಧಾಮಣಿ ಮೇಡಂ.

ಹಣ್ಣನ್ನು ಅವರ ಬೆನ್ನ ಹಿಂದೆಯೇ ಇಟ್ಟು ಓಡಿಬಂದೆ.

"ಮುಖ ಯಾಕ ಹಿಂಗ ಬಾಡೈತಿ?" ಎಂದು ಮನೆಯಲ್ಲಿ ಅವ್ವ ಕೇಳಿದಳು.

"ಬಿಸಿಲು," ಎಂದೆ.

ನಾಳೆ ಮತ್ತೆ ಹೋಗಬೇಕು. ಆ ಟವೆಲಿನೊಳಗೆ ನೀನೇ ಇದ್ದರೆ ಎಂದು ಅಲ್ಲಿ ಹೆದರಿದ್ದೆ. ಮನೆಗೆ ಬಂದಮೇಲೆ ಅದಕ್ಕಿಂತ ದೊಡ್ಡ ಭಯ ಹಿಡಿದಿದೆ.

ಅವರು ನೀನಲ್ಲದಿದ್ದರೆ?

ಭಾಗ್ಯ