ಹೆಡಿಯ ತಲೆಯ ಮೇಲೆ ನಿಲ್ಲದ ಕಿರೀಟ

ಹಾರ್ಟೆನ್‌ಆವ್ ಅರಮನೆ,
೨೭ ಮೇ ೧೮೯೬

ಮುದ್ದು ಟೀಲಿ,

ನಿನ್ನ ಅಪ್ಪನ ಆಶೀರ್ವಾದ. ನೀನು ಸನ್ಯಾಸಿನಿಯರ ಮಠದಿಂದ ಬರೆದ ಕಾಗದಗಳೆಲ್ಲ ಬಂದು ಮುಟ್ಟಿವೆ. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಮದುವೆ ನಡೆಯುವ ಮನೆಯಲ್ಲಿ ಮಸಿಕುಡಿಕೆ ಹುಡುಕುವುದೇ ದೊಡ್ಡ ಕೆಲಸ. ಈಗ ನೆಂಟರೆಲ್ಲ ಹೊರಟುಹೋಗಿದ್ದಾರೆ. ಕುದುರೆಲಾಯ ಖಾಲಿಯಾಗಿದೆ. ಅಡುಗೆಯವರು ಉಳಿದ ಕಾಡುಹಂದಿ ಮಾಂಸಕ್ಕೆ ಉಪ್ಪು ಹಚ್ಚುತ್ತಿದ್ದಾರೆ, ಅದರ ವಾಸನೆ ಇಲ್ಲಿಯವರೆಗೂ ಬರುತ್ತಿದೆ. ನಿನ್ನ ಅಮ್ಮನ ಕುರ್ಚಿಯ ಎದುರಿಗೆ ಕುಳಿತು ಬರೆಯುತ್ತಿದ್ದೇನೆ. ಅವಳು ಹೋದಮೇಲೆ ನಾನು ಮನಸ್ಸು ಬಿಚ್ಚಿ ಹರಟಿದ್ದು ನಿನ್ನೊಬ್ಬಳ ಜೊತೆಗೇ. ಇಂಗ್ಲೆಂಡಿನ ಕಾಲೇಜಿನಲ್ಲಿ ನನಗೆ ಕಾಗದ ಬರೆಯುವ ಕ್ರಮ ಕಲಿಸಿದ ಮುದಿ ಮೇಷ್ಟ್ರೊಬ್ಬರು ಇದ್ದರು. ಕೆಟ್ಟ ಸುದ್ದಿಯನ್ನು ಮೊದಲ ಪುಟದಲ್ಲಿ ಬರೆಯಲೇಬಾರದು ಅನ್ನುತ್ತಿದ್ದರು. ಹಾಗಾದರೆ ಎಲ್ಲಿ ಬರೆಯಬೇಕು ಅನ್ನುವುದನ್ನೂ ಹೇಳಿದ್ದರು, ಅದು ಮರೆತುಹೋಗಿದೆ.

ಮೊದಲ ಪುಟ ಹೇಗೂ ಮುಗಿಯುತ್ತ ಬಂತು, ಹೇಳಿಬಿಡುತ್ತೇನೆ. ಹೋದ ವಾರ ನಡೆದದ್ದು ನಿನ್ನ ತಂಗಿ ಹೆಡಿಯ ಮದುವೆ. ವರ ಮ್ಯಾಗ್ನಸ್. ಹೌದು, ನಿನಗೆ ಗೊತ್ತುಮಾಡಿದ್ದ ಅದೇ ಮ್ಯಾಗ್ನಸ್. ‘ನನಗೆ ಗುಣವಾಗಿದೆ, ಇನ್ನು ಸ್ವಲ್ಪ ದಿನ ಕಾಯಬೇಕೆಂದು ಅವನಿಗೆ ಹೇಳಿ’ ಎಂದು ನೀನು ಬರೆದಿದ್ದೆಯಲ್ಲ, ಆ ಕಾಗದ ಬಂದಾಗ ದರ್ಜಿಗಳು ಹೆಡಿಯ ಅಳತೆ ತೆಗೆಯುತ್ತಿದ್ದರು. ಹೊಸದೇನೂ ಹೊಲಿಸಲಿಲ್ಲ, ನಿನ್ನದೇ ಉಡುಪು. ಸೊಂಟದ ಹತ್ತಿರ ಒಂದಿಷ್ಟು ಬಿಚ್ಚಿ ಹೊಲಿದರು, ಅಷ್ಟೆ.

ಅಳಬೇಡ. ಅತ್ತರೆ ಮಠದ ತಾಯಿ ವಾಲ್ಬುರ್ಗಾ ಡಾಕ್ಟರನ್ನು ಕರೆಸುತ್ತಾರೆ, ಡಾಕ್ಟರು ಬಂದು ನಿನ್ನ ನರದ ಜ್ವರ ಇನ್ನೂ ಇಳಿದಿಲ್ಲ ಎಂದು ಬರೆದುಕೊಡುತ್ತಾರೆ. ಆಮೇಲೆ ನನ್ನ ಕೈಯಲ್ಲೂ ಏನೂ ಇರುವುದಿಲ್ಲ.

ನಾನೇನು ತಪ್ಪು ಮಾಡಿದೆ ಎಂದು ಪ್ರತಿ ಕಾಗದದಲ್ಲೂ ಕೇಳಿದ್ದೀಯ. ನಿನಗೆ ನಿಜವಾಗಿಯೂ ಗೊತ್ತಿಲ್ಲ ಅನ್ನುವುದೇ ನನಗೆ ಹೆದರಿಕೆ ಹುಟ್ಟಿಸುತ್ತದೆ. ನಿಶ್ಚಿತಾರ್ಥದ ಊಟ ನೆನಪಿಸಿಕೋ. ನಿನ್ನ ಎದುರಿಗೆ ಮ್ಯಾಗ್ನಸ್‌ನ ತಾಯಿ ರಾಣಿ ಗುನಿಲ್ಲಾ ಕುಳಿತಿದ್ದರು, ಕೊರಳಲ್ಲಿ ಅವರ ಮನೆತನದ ಪಚ್ಚೆಯ ಹಾರ. ಬಿಸಿ ಸೂಪು ತಂದಿಟ್ಟರು. ಹಬೆ ಎದ್ದು ಹಾರದ ಕಲ್ಲುಗಳೆಲ್ಲ ಮಂಜಾದವು, ಮರುಗಳಿಗೆಗೆ ತಿಳಿಯಾದವು. ನಡುವಿನ ದೊಡ್ಡ ಕಲ್ಲು ಮಾತ್ರ ಮಂಜಾಗಿಯೇ ಉಳಿಯಿತು. ಮೇಜಿನ ಸುತ್ತ ಕುಳಿತವರೆಲ್ಲ ಅದನ್ನು ನೋಡಿದೆವು, ಟೀಲಿ. ನಾನೂ ನೋಡಿದೆ. ಯುದ್ಧದ ಕಾಲದಲ್ಲಿ ಕಲ್ಲು ಮಾರಿಕೊಳ್ಳದ ಅರಮನೆ ಯಾವುದು? ಆ ಜಾಗಕ್ಕೆ ಗಾಜು ಕೂರಿಸದ ಮನೆತನ ಯಾವುದು? ನಮ್ಮ ಜನ ಅದನ್ನು ಕಂಡರೆ ಚಮಚ ಎತ್ತಿಕೊಂಡು ಸೂಪು ಕುಡಿಯುತ್ತಾರೆ. ನೀನು ಮುಂದಕ್ಕೆ ಬಾಗಿ, ಇಡೀ ಮೇಜಿಗೆ ಕೇಳುವ ಹಾಗೆ, “ಅಮ್ಮಾವ್ರೇ, ಯಾರೋ ನಿಮಗೆ ಮೋಸ ಮಾಡಿದಾರೆ. ನಡುವಿನದು ಗಾಜು. ಆ ಅಕ್ಕಸಾಲಿಗನ್ನ ಹಿಡಿಸಿ ಕೇಳಿ” ಅಂದುಬಿಟ್ಟೆ. ಉಪಕಾರ ಮಾಡಿದ ಮುಖ ಬೇರೆ.

ಕಲ್ಲಿನ ಮೇಲೆ ಉಸಿರು ಬಿಟ್ಟು ಪರೀಕ್ಷೆ ಮಾಡುವುದನ್ನು ನಿನಗೆ ಕಲಿಸಿದವಳು ನಿನ್ನ ಅಮ್ಮ. ಅವಳ ಮಡಿಲಲ್ಲಿ ಕೂತು ಉಂಗುರಗಳ ಮೇಲೆಲ್ಲ ಉಫ್ ಉಫ್ ಅನ್ನುತ್ತಿದ್ದೆ. ಎಲ್ಲಿ ಉಸಿರು ಬಿಗಿಹಿಡಿಯಬೇಕು ಎಂದು ಕಲಿಸುವಷ್ಟರಲ್ಲಿ ಅವಳು ತೀರಿಕೊಂಡಳು. ಆ ಪಾಠವನ್ನು ನಾನು ಕಲಿಸಬೇಕಾಯಿತು, ನಾನು ಒಳ್ಳೆಯ ಮೇಷ್ಟ್ರಲ್ಲ.

ಮರುದಿನ ಬೆಳಿಗ್ಗೆ ರಾಣಿ ನನ್ನನ್ನು ಕಿತ್ತಳೆ ಗಿಡಗಳಿರುವ ಗಾಜಿನ ಮನೆಗೆ ಕರೆಸಿಕೊಂಡರು. ಅವರು ಬೆಳೆದದ್ದು ಇಂಗ್ಲೆಂಡಿನಲ್ಲಿ. ಆ ಭಾಷೆಯಲ್ಲಿ ಕ್ಷಮೆ ಕೇಳಿದರೆ ಕರಗಬಹುದೆಂದು, “ಐ ಬೆಗ್ ಟು…” ಎಂದು ಶುರುಮಾಡಿದೆ. ಮುಂದಿನ ಪದ ಎಷ್ಟು ತಡಕಾಡಿದರೂ ಸಿಗಲಿಲ್ಲ.

ಅವರು ನಕ್ಕರು. “ಬೇಡಿಕೊಳ್ಳೋದು ಏನೂ ಬೇಡ, ಡ್ಯೂಕರೇ. ನಿಮ್ಮ ದೊಡ್ಡ ಮಗಳ ಕಣ್ಣು ಬಹಳ ಚುರುಕು. ಅಷ್ಟೊಂದು ಕಾಣೋ ಕಣ್ಣು ನಮ್ಮನೇಲಿ ಬೇಡ. ಚಿಕ್ಕವಳಿದಾಳಲ್ಲ, ಅವಳಿಗೆ ಏನು ಕಾಣುತ್ತೆ?”

“ಅವಳಿಗೆ ಕನ್ನಡಿ ಕಾಣುತ್ತೆ” ಅಂದೆ.

“ಸಾಕು. ಅವಳನ್ನೇ ಕೊಡಿ.”

ಹುಡುಗ ಒಪ್ಪಬೇಕಲ್ಲ ಎಂದು ನಿನ್ನ ಪರವಾಗಿ ಒಂದು ಮಾತು ಹೇಳಿದೆ. ಹೇಳಲಿಲ್ಲ ಅಂದುಕೊಳ್ಳಬೇಡ. ಅದಕ್ಕೆ ಅವರು, “ನನ್ನ ಮಗ ಆ ಹುಡುಗೀನ ಎಲ್ಲಿ ನೋಡಿದಾನೆ? ಅವನು ನೋಡಿದ್ದು ಅವಳ ಜೇನು ಬಣ್ಣದ ಜಡೇನ. ಚರ್ಚಲ್ಲಿ ಅವಳ ಹಿಂದೆ ಕೂತು ನೋಡ್ತಾನೇ ಇದ್ದ. ಬೇಸಿಗೆ ಹೊತ್ತಿಗೆ ಮರೀತಾನೆ” ಎಂದರು. ಒಪ್ಪದಿದ್ದರೆ ಏನಾಗುತ್ತದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹಾರ್ಟೆನ್‌ಆವ್‌ನ ಹೆಣ್ಣು ಊಟದ ಮೇಜಿನಲ್ಲಿ ಒಡವೆಗೆ ಬೆರಳು ತೋರಿಸುತ್ತಾಳೆ ಎಂದು ಅವರು ಇನ್ನೆರಡು ಆಸ್ಥಾನಗಳಲ್ಲಿ ಹೇಳಿದ್ದರೆ ಸಾಕಿತ್ತು, ನೀವಿಬ್ಬರೂ ನನ್ನ ಜೊತೆ ಇಸ್ಪೀಟು ಆಡುತ್ತ ಮುದುಕಿಯರಾಗುತ್ತಿದ್ದಿರಿ. ಈಗ ಒಬ್ಬಳಾದರೂ ದಾಟಿಕೊಂಡಳು.

ಆದರೆ ನಮ್ಮ ಮನೆಯ ಕಟ್ಟಳೆ ನಿನಗೆ ಗೊತ್ತು. ಅಕ್ಕ ಮನೆಯಲ್ಲಿರುವಾಗ ತಂಗಿ ಮದುವೆಗೆಂದು ಚರ್ಚಿನ ಬಲಿಪೀಠದ ಮುಂದೆ ನಿಲ್ಲುವ ಹಾಗಿಲ್ಲ. ಅಕ್ಕ ಮಠ ಸೇರಿದ್ದರೆ ನಿಲ್ಲಬಹುದು. ಅದಕ್ಕೇ ನಿನ್ನನ್ನು ವಿಶ್ರಾಂತಿಗೆಂದು ಅಲ್ಲಿಗೆ ಕಳಿಸಿದ್ದು. ವಿಶ್ರಾಂತಿ ಎಂದಿದ್ದು ಸುಳ್ಳೇನಲ್ಲ. ಅಲ್ಲಿ ಮಾಡುವುದಕ್ಕೆ ಏನೂ ಕೆಲಸವಿಲ್ಲ ಎಂದು ನೀನೇ ಬರೆದಿದ್ದೀಯ.

ಅಮ್ಮ ಕೊನೆಗಾಲದಲ್ಲಿ ನೀಲಮಣಿಗಳ ಟಿಯಾರಾ ಕಿರೀಟ ನನಗೆ ಎಂದಿದ್ದಳು, ಅದನ್ನಾದರೂ ಕಳಿಸಿಕೊಡಿ ಎಂದು ಕೇಳಿದ್ದೀಯ. ಹೇಳಿದ್ದು ನಿಜ, ನಾನೂ ಹಾಸಿಗೆಯ ಪಕ್ಕದಲ್ಲೇ ಇದ್ದೆ. ಆದರೆ ಅಲ್ಲಿ ಅದನ್ನು ಮುಡಿದುಕೊಂಡು ಎಲ್ಲಿಗೆ ಹೋಗುತ್ತೀಯ, ಮಗಳೇ? ಎಲೆಕೋಸಿನ ಪಾತಿಗೆ?

ಅದು ಹೆಡಿಯ ತಲೆಯ ಮೇಲೆ ಕೂತಿತು. ಸುಲಭವಾಗಿ ಕೂರಲಿಲ್ಲ. ಆ ಕಿರೀಟ ನಿನ್ನ ಅಜ್ಜಿಯ ಕಾಲದ್ದು, ದಪ್ಪ ಮುಡಿಯ ಹೆಂಗಸರಿಗೆಂದು ಮಾಡಿಸಿದ್ದು. ಜಡೆಯನ್ನು ಸುತ್ತಿ ದಿಂಬಿನ ಹಾಗೆ ಮಾಡಿ, ಕಿರೀಟದ ಮಖಮಲ್ ಪಟ್ಟಿಯನ್ನು ಅದಕ್ಕೆ ಸೂಜಿ ದಾರದಲ್ಲಿ ಹೊಲಿಯಬೇಕು. ನಿನಗೆ ನಿನ್ನ ಅಮ್ಮನ ಕೂದಲು ಬಂತು, ಹೆಡಿಗೆ ನನ್ನ ಕಡೆಯದು. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಪೂಜೆ ಮುಗಿಸಿ ಬಂದು ಇಟ್ಟು ನೋಡಿದರು. ಕಿರೀಟ ಜಾರಿ ಕಿವಿಗೆ ಸಿಕ್ಕಿಕೊಂಡಿತು. ಮತ್ತೆ ಇಟ್ಟರೆ ಪಿಯಾನೋದ ಮೇಲೆ ಬಿತ್ತು. ಮುಡಿ ಕಟ್ಟುವ ಫ್ರಾವು ಕ್ನೋಬ್ಲಾಕ್ ಸೂಜಿಯನ್ನು ತಟ್ಟೆಗೆ ಎಸೆದು, “ಇದು ನಿಲ್ಲಲ್ಲ, ಪ್ರಭುಗಳೇ. ಬೋಳು ಗೋಡೆ ತೋರಿಸಿ ಪರದೆ ಹೊಲಿ ಅಂದ್ರೆ ಎಲ್ಲಿಗೆ ಅಂತ ಹೊಲೀಲಿ?” ಎಂದಳು.

ಹೆಡಿಗೆ ಉರಿದುಹೋಯಿತು. “ಅಕ್ಕನ ತಲೆ ದೊಡ್ಡದು, ಪಪ್ಪಾ, ಅದಕ್ಕೇ ಅವಳಿಗೆ ಕೂರ್ತಿತ್ತು. ಬಾಯೂ ದೊಡ್ಡದು ಬಿಡಿ” ಎಂದಳು. ಕೆಲಸದ ಹುಡುಗಿಯರೆಲ್ಲ ನಕ್ಕರು. ನನಗೂ ನಗು ಬಂತು. ತಪ್ಪು ತಿಳಿಯಬೇಡ, ಎಷ್ಟೋ ದಿನದಿಂದ ಈ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಆಮೇಲೆ ಕಿರೀಟಕ್ಕೆ ಏನೋ ಒಂದು ಉಪಾಯ ಸಿಕ್ಕಿತು. ಅದು ಹೆಂಗಸರ ವಿಷಯ, ಇರಲಿ.

ಶುಭ ಶುಕ್ರವಾರದ ದಿನ ಮಠದವರು ನಿನ್ನ ತಲೆ ಬೋಳಿಸಿದ್ದನ್ನು ಎರಡು ಪುಟ ಬರೆದಿದ್ದೀಯ. ಜ್ವರ ಬಂದೇ ಇರಲಿಲ್ಲ, ಮೈ ತಣ್ಣಗಿತ್ತು, ಯಾಕೆ ಕತ್ತರಿಸಿದರು ಎಂದು ಕೇಳುತ್ತೀಯ. ಆ ಜ್ವರ ತಲೆಯೊಳಗೆ ಅಡಗಿರುತ್ತದಂತೆ, ರೋಗಿಗೆ ತಿಳಿಯುವುದೇ ಇಲ್ಲವಂತೆ, ಕೂದಲು ತೆಗೆದರೆ ಇಳಿಯುತ್ತದಂತೆ. ಮಠದ ಡಾಕ್ಟರ್ ರೀಗ್ಲರ್ ಹೇಳಿದ್ದು. ನಾಲ್ವರು ಸನ್ಯಾಸಿನಿಯರು ಹಿಡಿದುಕೊಂಡಿದ್ದರು, ಮಣಿಕಟ್ಟು ಕಪ್ಪಗಾಯಿತು ಎಂದಿದ್ದೀಯ. ನೀನು ಸುಮ್ಮನೆ ಕೂತಿದ್ದರೆ ಇಬ್ಬರು ಸಾಕಾಗುತ್ತಿದ್ದರು. ಕೂದಲು ತಾನೆ, ಬೆಳೆಯುತ್ತದೆ. ಇಲ್ಲಿ ನಿನ್ನ ಕೋಣೆಯ ಕಿಟಕಿಯಲ್ಲಿರುವ ಮರ್ಟಲ್ ಗಿಡವನ್ನೇ ನೋಡು. ಅದಕ್ಕೆ ನೀರು ಹಾಕಿಸಿ, ನನ್ನ ಮದುವೆಯ ಮಾಲೆಗೆ ಬೇಕು ಎಂದಿದ್ದೆಯಲ್ಲ, ಹಾಕಿಸಿದೆ. ಹೆಡಿಯ ಮಾಲೆಗೆ ಬುಡದ ತನಕ ಕತ್ತರಿಸಿದರು. ಆಗಲೇ ಚಿಗುರಿದೆ.

ಮದುವೆ ಚೆನ್ನಾಗಿ ಆಯಿತು. ಬಿಸಿ ಸೂಪು ಬೇಡವೆಂದು ರಾಣಿ ಮೊದಲೇ ಹೇಳಿ ಕಳಿಸಿದ್ದರು, ತಣ್ಣಗಿನ ಸೂಪು ಬಡಿಸಿದೆವು. ಅದೇ ಹಾರ, ಅದೇ ನಡುವಿನ ಕಲ್ಲು. ಎಲ್ಲರೂ ಹೊಗಳಿದರು. ಹೆಡಿ ಎಲ್ಲರಿಗಿಂತ ಜೋರಾಗಿ ಹೊಗಳಿದಳು. ರಾಣಿ ಅವಳ ಕೆನ್ನೆ ತಟ್ಟಿದರು. ಮ್ಯಾಗ್ನಸ್ ಚರ್ಚಿನಲ್ಲಿ ಹೆಣದ ಹಾಗೆ ಬಿಳಿಚಿಕೊಂಡಿದ್ದ, ಊಟದಲ್ಲಿ ತುತ್ತು ಮುಟ್ಟಲಿಲ್ಲ. ನನಗೆ ಭಯವಾಗಿತ್ತು. ಆದರೆ ಸಂಜೆ ರಾಜಮನೆತನದ ಮದುವೆಯ ವಾಡಿಕೆಯಂತೆ ಮಂತ್ರಿಗಳು ಪಂಜು ಹಿಡಿದು ಕುಣಿಯುವಾಗ ಅವನು ಹೆಡಿಯ ಕಡೆಗೆ ಬಾಗಿದ, ಅವಳ ತಲೆಗೆ ಮುಖ ತಾಗಿಸಿದ. ಆಮೇಲೆ ಕೊನೆಯವರೆಗೂ ಅವಳ ಕೈ ಬಿಡಲಿಲ್ಲ. ನಿನಗೆ ಅವನ ಚಿಂತೆ ಇರುತ್ತದೆಂದು ಇದನ್ನು ಬರೆದೆ. ಅವನು ಸುಖವಾಗಿದ್ದಾನೆ.

ಪದ್ಧತಿಯಂತೆ ಮದುಮಗಳ ಹೆಸರಿನ ರಿಬ್ಬನ್ನನ್ನು ತುಂಡುಮಾಡಿ ಅತಿಥಿಗಳಿಗೆ ಹಂಚಿದೆವು. ನಿನಗೂ ಒಂದು ಎತ್ತಿಟ್ಟಿದ್ದೆ, ಇದರ ಜೊತೆಗಿದೆ. ಬೆಳಕಿಗೆ ಹಿಡಿದರೆ ಹೆಡಿಯ ಹೆಸರಿನ ಕೆಳಗೆ ನಿನ್ನ ಒಟ್ಟೀಲಿಯ ಅನ್ನುವ ಹೆಸರೂ ಕಾಣುತ್ತದೆ. ಹೊಸದಾಗಿ ನೇಯಿಸಲು ಹೊತ್ತಿರಲಿಲ್ಲ, ಅದರ ಮೇಲೇ ಕಸೂತಿ ಹಾಕಿಸಿದೆ.

ಮನೆಗೆ ಯಾವಾಗ ಕರೆಸಿಕೊಳ್ಳುತ್ತೀರಿ ಎಂದು ಕೇಳಿದ್ದೀಯ. ಶರತ್ಕಾಲದಲ್ಲಿ ತಾಯಿ ವಾಲ್ಬುರ್ಗಾ ನಿನ್ನ ಕೊರಳಿಗೆ ಮಠದ ಶಿಲುಬೆ ಹಾಕಿ ಖಾಯಂ ಆಗಿ ಸೇರಿಸಿಕೊಳ್ಳುತ್ತಾರೆ. ಆಮೇಲೆ ಒಲೆ ಇರುವ ಕೋಣೆ ಕೊಡುತ್ತಾರಂತೆ. ಶಿಲುಬೆ ಅಪ್ಪಟ ಚಿನ್ನದ್ದು, ನಾನೇ ಮಾಡಿಸಿದ್ದು. ಬೇಕಾದರೆ ಉಸಿರು ಬಿಟ್ಟು ನೋಡಿಕೋ. ಮನೆಯ ಮಾತು ಇನ್ನು ಬರೆಯಬೇಡ. ಓದುವಾಗ ನನ್ನ ಎದೆ ನೋಯುತ್ತದೆ.

ಆ ಇಂಗ್ಲಿಷ್ ವಾಕ್ಯ ಈಗ ಪೂರ್ತಿ ನೆನಪಾಯಿತು ನೋಡು. ಅದು ಕ್ಷಮೆ ಕೇಳುವ ವಾಕ್ಯವೇ ಅಲ್ಲ, ಕಾಗದ ಮುಗಿಸುವ ವಾಕ್ಯ. ಐ ಬೆಗ್ ಟು ರಿಮೇನ್,

ನಿನ್ನನ್ನು ತುಂಬ ಪ್ರೀತಿಸುವ ಅಪ್ಪ,
ಅಡಾಲ್ಬರ್ಟ್

ತಾ.ಕ.: ಕೆಟ್ಟ ಸುದ್ದಿಯನ್ನು ರುಜು ಹಾಕಿದ ಮೇಲೆ ಬರೆಯಬೇಕು ಅನ್ನುತ್ತಿದ್ದರು ಆ ಮೇಷ್ಟ್ರು, ಅದೂ ನೆನಪಾಯಿತು. ಆದರೆ ಇದು ಕೆಟ್ಟ ಸುದ್ದಿಯೇನಲ್ಲ. ನಿನ್ನ ಜಡೆ ಕ್ಷೇಮವಾಗಿ ಬಂದು ತಲುಪಿತು. ತಾಯಿ ವಾಲ್ಬುರ್ಗಾ ನಾನು ಹೇಳಿದ ಹಾಗೆಯೇ ಬುಡದಿಂದ ಕತ್ತರಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದರು. ಫ್ರಾವು ಕ್ನೋಬ್ಲಾಕ್ ಅದರಲ್ಲಿ ಹೆಡಿಗೆ ಚೌರಿ ಕಟ್ಟಿದಳು. ಕಿರೀಟ ಒಂದಿಷ್ಟೂ ಅಲುಗಲಿಲ್ಲ. ಪಂಜಿನ ಕುಣಿತ ಮುಗಿದ ಮೇಲೆ ಮ್ಯಾಗ್ನಸ್ ನನ್ನ ಹತ್ತಿರ ಬಂದು, “ಮಾವ, ಅಕ್ಕತಂಗಿಯರಿಬ್ಬರಿಗೂ ಒಂದೇ ಥರ ಕೂದಲು ಅಂತ ಯಾರೂ ನಂಗೆ ಹೇಳಲೇ ಇಲ್ಲವಲ್ಲ! ವಾಸನೆ ಕೂಡ ಅದೇ” ಎಂದ. ಅವನ ತಂದೆ, ಮುದಿ ರಾಜ, ಇನ್ನು ಮೂರು ನಾಲ್ಕು ವರ್ಷ ಉಳಿಯಬಹುದು ಅನ್ನುತ್ತಾರೆ. ಆಮೇಲೆ ಪಟ್ಟಾಭಿಷೇಕ. ಅವರ ಕಿರೀಟ ನಮ್ಮದಕ್ಕಿಂತ ಬಹಳ ಭಾರ, ಒಂದು ಚೌರಿ ಸಾಲದು. ಅಷ್ಟರಲ್ಲಿ ನಿನ್ನದು ಬೆಳೆದಿರುತ್ತದೆ. ಬಣ್ಣ ಕೆಡದ ಹಾಗೆ ಮೊದಲಿನಂತೆ ಕ್ಯಾಮೊಮೈಲ್ ಹೂವಿನ ನೀರಿನಲ್ಲಿ ತೊಳೆಯುತ್ತಿರು, ಬಿಸಿಲಿಗೆ ಒಡ್ಡಬೇಡ. ಈ ಸಲವಾದರೂ ಸುಮ್ಮನೆ ಕೂತುಕೋ.