ಮೆಟ್ಟಿಲಿನ ತಪ್ಪಲ್ಲ, ಅಮ್ಮಾ

ಆಗಸ್ಟ್ ೧೭, ಭಾನುವಾರ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನೀನೂ ಅಪ್ಪನೂ ಹುಷಾರಾಗಿದ್ದೀರಿ ಎಂದುಕೊಂಡಿದ್ದೇನೆ. ಕಾಗದ ತಡವಾಯಿತು, ಬೈಯಬೇಡ. ಪ್ರೆಸ್ಸಿನಲ್ಲಿ ಶಾಲೆ ಪುಸ್ತಕಗಳ ಕೆಲಸ ತಲೆ ಮೇಲೆ ಕೂತಿದೆ. ಐದು ತಿಂಗಳ ಬಸುರಿ, ನಿಂತು ಕೆಲಸ ಮಾಡಬಾರದು ಎಂದು ನನ್ನನ್ನು ಹಾಳೆ ಮಡಿಸುವ ಮಿಷನ್ನಿನ ಪಕ್ಕ ಕೂರಿಸಿದ್ದರು. ಅದರ ಸದ್ದಿಗೆ ಉಳಿದವರೆಲ್ಲ ಓಡುತ್ತಾರೆ. "ಈ ಜಾಗಕ್ಕೆ ನಿನ್ನ ಬಿಟ್ರೆ ಇನ್ಯಾರಮ್ಮ ಗತಿ?" ಎಂದು ಮೇಸ್ತ್ರಿ ನಕ್ಕರು. ನಾನೂ ನಕ್ಕೆ. ಹುಟ್ಟುಕಿವುಡಿಗೆ ಸಿಗುವ ಬಡ್ತಿ ಇದೊಂದೇ!

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅವಸರವಾಗಿ ಹೇಳಿದ್ದನ್ನು ಈಗ ಪೂರ್ತಿ ಬರೆಯುತ್ತೇನೆ. ನಮ್ಮಿಬ್ಬರ ರಕ್ತಪರೀಕ್ಷೆಯ ಫಲಿತಾಂಶವನ್ನು ಡಾಕ್ಟರಮ್ಮ ವಿವರಿಸುತ್ತಿದ್ದರೆ, ಇವರು ಪಕ್ಕದಲ್ಲಿ ಕೂತು ಕೈಸನ್ನೆಯಲ್ಲಿ ನನಗೆ ಹೇಳುತ್ತಾ ಹೋದರು. ಒಳಗಿವಿಯನ್ನು ಸರಿಯಾಗಿ ಕಟ್ಟಲು ಬೇಕಾದ ಜೀನ್ ಒಂದಿದೆಯಂತೆ. ಎಲ್ಲರಲ್ಲೂ ಅದರ ಎರಡು ಪ್ರತಿ: ಒಂದು ಅಮ್ಮನದು, ಒಂದು ಅಪ್ಪನದು. ಒಂದರಲ್ಲಿ ದೋಷವಿದ್ದರೂ ಇನ್ನೊಂದನ್ನು ಓದಿಕೊಂಡು ಕೆಲಸ ಸಾಗುತ್ತದೆ. ನನ್ನ ಎರಡರಲ್ಲೂ ದೋಷ, ಇವರ ಎರಡೂ ಸರಿ. ಹಾಗಾಗಿ ಮಗುವಿಗೆ ಒಂದು ಒಳ್ಳೆಯ ಪ್ರತಿ ಸಿಕ್ಕೇ ಇರುತ್ತದೆ, ಕಿವಿ ಕೇಳಿಸುತ್ತದೆ ಎಂದರು.

ಮರುದಿನ ಮಿಷನ್ನಿನ ಪಕ್ಕ ಕೂತಾಗ ತಟ್ಟನೆ ಹೊಳೆಯಿತು. ನನಗೆ ಕೇಳಿಸದ ಸದ್ದು ಹೊಟ್ಟೆಯೊಳಗಿರುವವರಿಗೆ ಕೇಳಿಸಿದರೆ? "ಜಾಗ ಬದಲಿಸಿ, ನನಗೋಸ್ಕರ ಅಲ್ಲ" ಎಂದು ಚೀಟಿ ಬರೆದುಕೊಟ್ಟೆ. ಮೇಸ್ತ್ರಿ ಓದಿ ನಾಲಗೆ ಕಚ್ಚಿಕೊಂಡರು. "ಛೆ, ನಮಗ್ಯಾರಿಗೂ ಹೊಳೀಲೇ ಇಲ್ವಲ್ಲ!" ಈಗ ಲೇಬಲ್ ಅಂಟಿಸುವ ಮೂಲೆಯಲ್ಲಿದ್ದೇನೆ.

ಇನ್ನು ನಿನ್ನ ವಿಷಯ. ಏಳನೇ ತಿಂಗಳಲ್ಲಿ ನೀನು ಮೆಟ್ಟಿಲು ಜಾರಿ ಬಿದ್ದದ್ದಕ್ಕೇ ನಾನು ಹೀಗಾದೆ ಎಂದು ಮನೆಗೆ ಬಂದವರೆದುರೆಲ್ಲ ಅತ್ತಿದ್ದೀಯ. ಅದನ್ನು ಬೇಕೆಂದೇ ಕೇಳಿದೆ. ಡಾಕ್ಟರಮ್ಮ ಇಲ್ಲವೆಂದು ತಲೆಯಾಡಿಸಿದರು. "ಭ್ರೂಣದಲ್ಲಿ ಕೈ ಮೂಡೋಕೂ ಮುಂಚೆ ಕಿವಿ ಕಟ್ಟೋ ಕೆಲಸ ಶುರುವಾಗುತ್ತೆ. ಅದನ್ನ ಹೇಗೆ ಕಟ್ಬೇಕು ಅನ್ನೋದು ಇನ್ನೂ ಮೊದಲೇ ಬರೆದಾಗಿರುತ್ತೆ. ನಿಮ್ಮಮ್ಮ ಬಿದ್ದಿದ್ದಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ."

ಒಂದು ಪ್ರತಿ ನಿನ್ನಿಂದ ಬಂತು, ಒಂದು ಅಪ್ಪನಿಂದ. ನಿಮ್ಮಿಬ್ಬರಲ್ಲೂ ಸರಿಯಾದದ್ದು ಇನ್ನೊಂದು ಇದ್ದದ್ದರಿಂದ ನಿಮಗೆ ಗೊತ್ತಾಗಲೇ ಇಲ್ಲ. ಯಾರು ತಾನೇ ಏನು ಮಾಡಲು ಸಾಧ್ಯವಿತ್ತು? ಇಷ್ಟು ವರ್ಷ ಹೊತ್ತದ್ದು ಸಾಕಮ್ಮ, ಇಳಿಸಿಬಿಡು.

ಅಪ್ಪನಿಗೆ ಮಂಡಿನೋವಿನ ಮಾತ್ರೆ ತಪ್ಪಿಸಬೇಡ ಎಂದು ಹೇಳು. ನಿಮ್ಮಿಬ್ಬರ ಆಶೀರ್ವಾದ ನನ್ನ ಮೇಲೂ ಮಗುವಿನ ಮೇಲೂ ಇರಲಿ.

ನಿನ್ನ ಮಗಳು,
ಗುಬ್ಬಿ

ತಾ.ಕ.: ಅವತ್ತು ವಿಡಿಯೋದಲ್ಲಿ ಸುದ್ದಿ ತಿಳಿದ ಕೂಡಲೇ ನೀನು ಅಪ್ಪನ ಕಡೆ ತಿರುಗಿ, "ಸದ್ಯ, ಇವಳ ಹಾಗಾಗ್ಲಿಲ್ವಲ್ಲ" ಎಂದೆ. ನಿನ್ನ ಅರ್ಧ ಮುಖ ಕಂಡರೆ ನನಗೆ ಸಾಕು. ನಾನು ಮೊದಲು ಓದಲು ಕಲಿತದ್ದೇ ನಿನ್ನ ತುಟಿ. ಮಗುವಿಗೆ ಕೇಳಿಸುತ್ತದೆ ಎಂದು ನನಗೂ ಖುಷಿಯೇ, ಸುಳ್ಳು ಹೇಳುವುದಿಲ್ಲ. ಆದರೆ ಈ ಪರೀಕ್ಷೆ ಆಗಲೇ ಇದ್ದು, ನಾನು ಹೀಗೆ ಎಂದು ಮೊದಲೇ ಗೊತ್ತಾಗಿದ್ದರೆ, ನನ್ನನ್ನು ಹೆರುತ್ತಿದ್ದೆಯಾ ಅಮ್ಮಾ? ಉತ್ತರ ಬರೆಯಬೇಡ. ಬಂದು, ನನ್ನ ಕಡೆ ತಿರುಗಿ ಹೇಳು.